ಇನ್ನೊಂದು ಸಲ ಹೇಳಿ

ನಮ್ಮ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಬಳಕೆಯಾಗುವ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳಬಲ್ಲೆ. ‘ಊಟಕ್ಕೆ ಬನ್ನಿ’ ಎಂಬುದಲ್ಲ, ‘ಬಾಗಿಲು ಹಾಕ್ಕೊಳ್ಳಿ’ ಎಂಬುದೂ ಅಲ್ಲ. ‘ಗೊತ್ತು ಬಿಡು, ನೀನೇನು ಹೇಳ್ತೀಯ ಅಂತ’ ಎನ್ನುವ ಮಾತು. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಮಗಳು ತಾಯಿಗೆ, ಅತ್ತೆ ಸೊಸೆಗೆ, ಹೀಗೆ ಎಲ್ಲರೂ ಎಲ್ಲರಿಗೂ ಇದನ್ನು ಹೇಳುತ್ತೇವೆ. ನಿಮ್ಮ ಮನೆಯಲ್ಲೂ ಪರಿಸ್ಥಿತಿ ಬೇರೆಯೇನೂ ಇರಲಾರದು. ಒಂದೇ ಸೂರಿನಡಿ ಮೂವತ್ತು ವರ್ಷ ಬಾಳಿದವರು ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧದಲ್ಲೇ ಪೂರ್ತಿ ಮಾಡಿಬಿಡುತ್ತಾರೆ. ಅದನ್ನು ನಾವು ಅನ್ಯೋನ್ಯತೆ ಎಂದು ಕರೆಯುತ್ತೇವೆ. ನಾನೂ ಹಾಗೇ ಕರೆಯುತ್ತಿದ್ದೆ, ನಮ್ಮ ಅತ್ತೆಯವರ ತುಪ್ಪದ ಪ್ರಸಂಗ ನಡೆಯುವವರೆಗೆ.

ಆ ಪ್ರಸಂಗಕ್ಕೆ ಬರುವ ಮೊದಲು ನನ್ನ ಮಗಳ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ಕೆಲಸ ನನಗೆ ಅರ್ಥವಾದದ್ದು ಅತ್ತೆಯವರಿಂದ; ಅತ್ತೆಯವರ ವಿಷಯದಲ್ಲಿ ನಾನು ಮಾಡಿದ ತಪ್ಪು ಅರ್ಥವಾದದ್ದು ಅವಳ ಕೆಲಸದಿಂದ.

ನಾನು ವರ್ತೂರಿಗೆ ಸೊಸೆಯಾಗಿ ಬಂದದ್ದು 1979ರಲ್ಲಿ. ಆಗ ವರ್ತೂರೆಂದರೆ ಕೆರೆ, ಕೋಡಿ, ಗದ್ದೆ, ಸೊಪ್ಪಿನ ಮಡಿ, ಸಂತೆ. ವೈಟ್‌ಫೀಲ್ಡಿನ ಕಾರ್ಖಾನೆಯೊಂದಕ್ಕೆ ನಮ್ಮೆಜಮಾನರು ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ನಾನು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಮಗಳು ಹುಟ್ಟಿ ಓಡಾಡುವ ಹೊತ್ತಿಗೆ, 1985ರಲ್ಲಿ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂತು. ಇಲ್ಲಿ ಕುಳಿತು ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಕಡಲಾಚೆಗೆ ಕಳಿಸುವ ಏರ್ಪಾಡು ಆಗ ಊರಿಗೆಲ್ಲ ಸೋಜಿಗ. ಮುಂದೆ 1990ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡಗಳ ಮೇಲೆ ಬಿಳಿಯ ಬೋಗುಣಿಗಳು ಎದ್ದವು. ನಮ್ಮ ಪಕ್ಕದಲ್ಲೇ ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕ್ ಬಂತು. ಮಗಳು ಎಂಜಿನಿಯರಿಂಗ್ ಓದಿ, ಆ ಬೋಗುಣಿಗಳಿಗೆ ಸಂಬಂಧಪಟ್ಟ ಕೆಲಸಕ್ಕೇ ಸೇರಿದಳು. ‘ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್’ ಎಂದಳು. ‘ಹಾಗಂದ್ರೆ ಏನೇ?’ ಎಂದರೆ, ‘ಸಂಕೇತ ಸಂಸ್ಕರಣೆ’ ಎಂದು ಕನ್ನಡ ಮಾಡಿದಳು. ನನಗೆ ಎರಡೂ ಒಂದೇ ಆಯಿತು.

ಒಂದು ಭಾನುವಾರ ನಾನು ರಾಗಿ ಹಸನು ಮಾಡುತ್ತಿದ್ದಾಗ ಅವಳೇ ಪಕ್ಕದಲ್ಲಿ ಕುಳಿತು ವಿವರಿಸಿದಳು. ‘ನೋಡಮ್ಮ, ನೀನು ಮೊರದಲ್ಲಿ ಕೇರ್ತಾ ಇದೀಯಲ್ಲ, ನನ್ನ ಕೆಲಸಾನೂ ಅದೇ. ಉಪಗ್ರಹ ಇರೋದು ನಮ್ಮ ನೆತ್ತಿಯಿಂದ 35,786 ಕಿಲೋಮೀಟರ್ ಮೇಲೆ. ಅಲ್ಲಿಂದ ಬರೋ ತರಂಗ ಇಲ್ಲಿ ಮುಟ್ಟೋ ಹೊತ್ತಿಗೆ ಸೋತು ಸುಣ್ಣವಾಗಿರುತ್ತೆ. ಜೊತೆಗೆ ಆಕಾಶದ ಗದ್ದಲ, ಮಳೆ, ನಮ್ಮ ಯಂತ್ರದ್ದೇ ಬಿಸಿಯ ಗುಯ್‌ಗುಟ್ಟುವಿಕೆ ಎಲ್ಲ ಸೇರ್ಕೊಳ್ಳುತ್ತೆ. ಆ ತರಂಗವನ್ನ ಕ್ಷಣಕ್ಕೆ ಲಕ್ಷಗಟ್ಟಲೆ ಸಲ ಅಳೆದು ಅಂಕಿಗಳನ್ನಾಗಿ ಬರ್ಕೊಳ್ತೀವಿ. ಆಮೇಲೆ ಆ ಅಂಕಿಗಳ ರಾಶಿಯಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅಂತ ಲೆಕ್ಕದಿಂದ ಬೇರೆ ಮಾಡ್ತೀವಿ.’

‘ಜೊಳ್ಳು ಹಾರಿ ಹೋದರೆ ಸರಿ. ಕಾಳೇ ಹಾರಿ ಹೋದರೆ?’ ಎಂದೆ.

‘ಅದಕ್ಕೇ ಕಳಿಸೋರು ಬರೀ ಕಾಳು ಕಳಿಸೋಲ್ಲ, ಹೆಚ್ಚುವರಿಯಾಗಿ ಸ್ವಲ್ಪ ಸೇರಿಸಿ ಕಳಿಸ್ತಾರೆ’ ಎಂದಳು. ಆಗ ಹೇಳಿದ್ದು ಅವಳು, ತಪ್ಪನ್ನು ತಿದ್ದಿಕೊಳ್ಳುವ ಸಂಕೇತಗಳ ವಿಷಯ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞ ವಾರದ ಕೊನೆಗೆ ಗಣಕಯಂತ್ರಕ್ಕೆ ಲೆಕ್ಕ ಒಪ್ಪಿಸಿ ಮನೆಗೆ ಹೋಗುತ್ತಿದ್ದನಂತೆ. ಸೋಮವಾರ ಬಂದು ನೋಡಿದರೆ ಎಲ್ಲೋ ಒಂದು ತಪ್ಪು ಕಂಡು ಯಂತ್ರ ಆ ಲೆಕ್ಕವನ್ನು ಕೈಬಿಟ್ಟಿರುತ್ತಿತ್ತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ತಪ್ಪು ಎಲ್ಲಾಗಿದೆ ಎಂದು ತಿಳಿದು ತಿದ್ದಿಕೊಳ್ಳಲು ಏಕೆ ಬರಬಾರದು ಎಂಬ ಸಿಟ್ಟಿನಿಂದ ಹುಟ್ಟಿದ ವಿದ್ಯೆ ಅದು. ಅವನ ಲೇಖನ ಪ್ರಕಟವಾದದ್ದು 1950ರಲ್ಲಿ.

ಉಪಾಯ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಫೋನಿನಲ್ಲಿ ಹೆಸರು ಹೇಳುವಾಗ ‘ಪದ್ಮ, ಪದ್ಮ, ತಾವರೆ ಹೂವಿನ ಪದ್ಮ’ ಎನ್ನುತ್ತೇವಲ್ಲ, ಹಾಗೆ. ಕಳಿಸುವವರೂ ಪಡೆಯುವವರೂ ಮೊದಲೇ ಒಂದು ಪದಗಳ ಪಟ್ಟಿಯನ್ನು ಒಪ್ಪಿಕೊಂಡಿರುತ್ತಾರೆ. ಒಂದನ್ನು ಇನ್ನೊಂದೆಂದು ತಿಳಿಯದಂತೆ ಆ ಪದಗಳ ನಡುವೆ ಬೇಕಾದಷ್ಟು ಅಂತರವಿರುತ್ತದೆ. ಬಂದ ಪದ ಕೆಟ್ಟುಹೋಗಿದ್ದರೆ, ಪಡೆಯುವವನು ತನ್ನ ಪಟ್ಟಿಯಲ್ಲಿ ಅದಕ್ಕೆ ಅತ್ಯಂತ ಹತ್ತಿರವಿರುವ ಪದ ಯಾವುದೆಂದು ನೋಡಿ, ‘ಅವನು ಹೇಳಿದ್ದು ಇದೇ’ ಎಂದು ತೀರ್ಮಾನಿಸುತ್ತಾನೆ. ಒಂದೋ ಎರಡೋ ಅಕ್ಷರ ಕೆಟ್ಟಿದ್ದರೆ ಈ ತೀರ್ಮಾನ ಸರಿಯಾಗಿಯೇ ಇರುತ್ತದೆ.

‘ಹೆಚ್ಚು ಕೆಟ್ಟಿದ್ದರೆ?’

‘ಆಗಲೂ ಹತ್ತಿರದ ಪದ ಒಂದು ಸಿಕ್ಕೇ ಸಿಗಬಹುದಲ್ಲಮ್ಮ! ಆದರೆ ಅದು ತಪ್ಪು ಪದ. ಕಷ್ಟ ಏನು ಅಂದ್ರೆ, ಸರಿಯಾಗಿ ತಿದ್ದಿದಾಗ ಎಷ್ಟು ಧೈರ್ಯವಾಗಿ ಹೇಳುತ್ತೋ, ತಪ್ಪಾಗಿ ತಿದ್ದಿದಾಗಲೂ ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತೆ.’

ಈ ಮಾತು ಅಂದು ನನ್ನ ಕಿವಿಯ ಮೇಲೆ ಬಿದ್ದು ಹೋಯಿತು. ರಾಗಿ ಡಬ್ಬಕ್ಕೆ ತುಂಬಿ ನಾನು ಒಳಗೆ ಹೋದೆ.

2015ರ ಬೇಸಿಗೆಯಲ್ಲಿ ನಮ್ಮ ಅತ್ತೆಯವರಿಗೆ ಲಕ್ವ ಹೊಡೆಯಿತು. ಆಗ ಅವರಿಗೆ ಎಂಬತ್ತನಾಲ್ಕು ವರ್ಷ. ಬಲಗೈ ಬಿದ್ದುಹೋಯಿತು, ಮಾತು ಅರ್ಧಕ್ಕರ್ಧ ಹೋಯಿತು. ಆಸ್ಪತ್ರೆಯಿಂದ ಕರೆತಂದ ಮೇಲೆ ಅವರ ಬಾಯಿಂದ ನಾಲ್ಕೈದು ಪದಗಳು ಮಾತ್ರ ಬರುತ್ತಿದ್ದವು. ಮಗನ ಹೆಸರು, ‘ನೀರು’, ‘ಸಾಕು’, ಮತ್ತೆ ‘ತೂಪು’. ಊಟಕ್ಕೆ ಕೂರಿಸಿದರೆ ‘ತೂಪು’. ಮಲಗಿಸಿದರೆ ‘ತೂಪು’. ಎಡಗೈ ಎತ್ತಿ ಬಾಗಿಲ ಕಡೆ ಬೀಸಿ ‘ತೂಪು, ತೂಪು’.

ಇದರಲ್ಲಿ ಅರ್ಥ ಹುಡುಕುವ ಅಗತ್ಯ ನಮಗೆ ಯಾರಿಗೂ ಕಾಣಲಿಲ್ಲ. ನಮ್ಮ ಅತ್ತೆಯವರಿಗೂ ತುಪ್ಪಕ್ಕೂ ಇದ್ದ ನಂಟು ಅಂಥದ್ದು. ನಾನು ಮನೆ ತುಂಬಿದ ದಿನದಿಂದ ಅವರ ದೂರು ಒಂದೇ: ಸೊಸೆ ತುಪ್ಪ ಬಡಿಸುವಾಗ ಕೈ ಬಿಗಿ ಮಾಡುತ್ತಾಳೆ ಎಂಬುದು. ಹೋಳಿಗೆಗೆ ತುಪ್ಪ ಸಾಲದು, ಮುದ್ದೆಯ ಗುಳಿಗೆ ತುಪ್ಪ ಸಾಲದು. ಬಂದವರೆದುರಿಗೆಲ್ಲ ಅದನ್ನು ಹೇಳಿ ನನ್ನನ್ನು ಅವರು ಪೇಚಿಗೆ ಸಿಕ್ಕಿಸಿದ್ದು ಒಂದೆರಡು ಸಲವಲ್ಲ. ಈಗ ವೈದ್ಯರು ತುಪ್ಪ, ಉಪ್ಪು ಎರಡನ್ನೂ ಕಡಿಮೆ ಮಾಡಿ ಎಂದಿದ್ದರು. ಅತ್ತೆಯವರು ತುಪ್ಪಕ್ಕಾಗಿ ಹಟ ಮಾಡುತ್ತಿದ್ದಾರೆ ಎಂದು ನಾವೆಲ್ಲ ತಿಳಿದೆವು. ನಾನು ಕಟ್ಟುನಿಟ್ಟು ಮಾಡಿದೆ. ನಮ್ಮೆಜಮಾನರು, ‘ಅಮ್ಮ ಇನ್ನೆಷ್ಟು ದಿನ ಇರ್ತಾಳೆ, ಒಂದು ಚಮಚ ಹಾಕಿದರೆ ಏನಾಗುತ್ತೆ’ ಎಂದು ಕೂಗಾಡಿದರು. ನಾನಿಲ್ಲದಾಗ ಕದ್ದು ಹಾಕಿಯೂ ಹಾಕಿದರು. ಅತ್ತೆಯವರು ತಟ್ಟೆಯನ್ನು ಎಡಗೈಯಿಂದ ತಳ್ಳಿಬಿಟ್ಟರು. ‘ನೋಡಿ, ತುಪ್ಪ ಹಾಕಿದರೂ ಬೇಡವಂತೆ, ಬರೀ ಹಟ’ ಎಂದು ನಾನು ಗೆದ್ದವಳಂತೆ ಹೇಳಿದೆ. ಆ ತಟ್ಟೆ ತಳ್ಳಿದ್ದೇ ಉತ್ತರವಾಗಿತ್ತು ಎಂದು ನನಗೆ ಹೊಳೆಯಲಿಲ್ಲ. ಸುಮಾರು ಮೂರು ವಾರ ಮನೆಯಲ್ಲಿ ಗಂಡ ಹೆಂಡತಿ ತುಪ್ಪದ ಮೇಲೆ ಜಗಳವಾಡಿದೆವು. ಅತ್ತೆಯವರು ಇಬ್ಬರನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಿದ್ದರು.

ನಮ್ಮ ಮನೆಗೆ ಸೊಪ್ಪು ತರುವ ಹೆಂಗಸೊಬ್ಬಳಿದ್ದಳು. ಹಿಂದೆ ಕೆರೆಯ ಕೆಳಗಿನ ಜಮೀನಿನಲ್ಲಿ ದಂಟು, ಕೊತ್ತಂಬರಿ ಬೆಳೆಯುತ್ತಿದ್ದ ಮನೆಯವಳು. ಒಂದು ಬೆಳಗ್ಗೆ ಅತ್ತೆಯವರನ್ನು ಜಗಲಿಯಲ್ಲಿ ಬಿಸಿಲಿಗೆ ಕೂರಿಸಿದ್ದೆ. ಬುಟ್ಟಿ ಇಳಿಸಿ ಅವಳು ಅವರ ಹತ್ತಿರ ಕುಳಿತಳು. ಅತ್ತೆಯವರು ಎಂದಿನಂತೆ ಕೈ ಬೀಸಿ ‘ತೂಪು’ ಎಂದರು. ಅವಳು ನನ್ನಂತೆ ತೀರ್ಮಾನ ಕೊಡಲಿಲ್ಲ. ‘ಏನವ್ವಾ? ಇನ್ನೊಂದ್ಸಲ ಹೇಳು’ ಎಂದಳು. ಅತ್ತೆಯವರು ಹೇಳಿದರು. ‘ಇನ್ನೊಂದ್ಸಲ?’ ಮೂರನೆಯ ಸಲಕ್ಕೆ ಅವಳು ನನ್ನ ಕಡೆ ತಿರುಗಿ ಸಹಜವಾಗಿ ಹೇಳಿದಳು: ‘ತೂಬು ಅಂತಾವ್ರೆ ಕಣಮ್ಮ. ಕೆರೆ ತೂಬು. ಕರ್ಕೊಂಡೋಗು ಅಂತಾವ್ರೆ.’

ಅತ್ತೆಯವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ತಲೆ ಆಡಿಸಿದರು, ಆಡಿಸುತ್ತಲೇ ಇದ್ದರು.

ತೂಬು! ಕೆರೆಯಿಂದ ಗದ್ದೆಗೆ ನೀರು ಬಿಡುವ ಕಂಡಿ. ಅತ್ತೆಯವರ ತವರಿನ ಗದ್ದೆ ಇದ್ದದ್ದು ತೂಬಿನ ಕೆಳಗೇ ಎಂದು ನನಗೆ ಗೊತ್ತಿತ್ತು. ಮೂವತ್ತಾರು ವರ್ಷದಲ್ಲಿ ಅವರು ಅದನ್ನು ಎಷ್ಟೋ ಸಲ ಹೇಳಿದ್ದರು. ಆದರೆ ನನ್ನ ನಿತ್ಯದ ಪದಗಳ ಪಟ್ಟಿಯಲ್ಲಿ ಆ ಪದ ಇರಲಿಲ್ಲ. ನಲ್ಲಿ, ಬೋರ್‌ವೆಲ್, ಟ್ಯಾಂಕರ್ ಇದ್ದವು, ತೂಬು ಇರಲಿಲ್ಲ. ಸೊಪ್ಪಿನವಳ ಪಟ್ಟಿಯಲ್ಲಿ ಅದು ಇನ್ನೂ ಉಳಿದಿತ್ತು. ನನ್ನ ಪಟ್ಟಿಯಲ್ಲಿ ಅತ್ತೆಯವರಿಗೆ ಅತಿ ಹತ್ತಿರದ ಪದ ತುಪ್ಪ. ಅದನ್ನೇ ನಾನು ಎಷ್ಟು ಧೈರ್ಯದಿಂದ ಹೇಳಿದೆ!

ಮಗಳು ಸಂಜೆ ಬಂದಾಗ ನಡೆದದ್ದನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಾನೇ ಕೇಳಿದೆ: ‘ನಿನ್ನ ಯಂತ್ರಕ್ಕೆ ಇಂಥ ತಪ್ಪು ಮಾಡಿದಾಗ ಪಶ್ಚಾತ್ತಾಪ ಅಂತ ಒಂದು ಇರೋದಿಲ್ವೇನೇ?’

‘ಅದಕ್ಕೆ ಇನ್ನೊಂದು ದಾರಿ ಇದೆಯಮ್ಮ’ ಎಂದಳು. ‘ಅನುಮಾನ ಬಂದರೆ ಊಹೆ ಮಾಡದೆ, ಮತ್ತೆ ಕಳಿಸು ಅಂತ ಕೇಳೋದು. ಅದೂ ಒಂದು ಪದ್ಧತಿಯೇ. ಆದರೆ ದೂರ ಜಾಸ್ತಿಯಾದಷ್ಟೂ ಕೇಳೋದು ದುಬಾರಿ.’

ಎಷ್ಟು ದುಬಾರಿ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಮಾತು ಉಪಗ್ರಹಕ್ಕೆ ಏರಿ ಇಳಿಯಲು ಸುಮಾರು ಕಾಲು ಸೆಕೆಂಡು ಬೇಕು. ಕೇಳಿ, ಉತ್ತರ ಪಡೆಯಲು ಅರ್ಧ ಸೆಕೆಂಡು. ನಮಗದು ಕಣ್ಣು ಮಿಟುಕಿಸುವಷ್ಟು ಹೊತ್ತು, ಯಂತ್ರಕ್ಕೆ ಅದೇ ಬಹಳ. ಇನ್ನೂ ದೂರ ಹೋದರೆ? 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮಂಗಳನ ಕಕ್ಷೆ ಸೇರಿತಲ್ಲ, ಬೆಂಗಳೂರಿನ ಇಸ್ರೋದ ಹೆಣ್ಣುಮಕ್ಕಳು ರೇಷ್ಮೆ ಸೀರೆಯುಟ್ಟು, ಹೂ ಮುಡಿದು ನಗುತ್ತ ಅಪ್ಪಿಕೊಂಡ ಚಿತ್ರ ಲೋಕವನ್ನೆಲ್ಲ ಸುತ್ತಿತಲ್ಲ, ಅಂದು ಅಲ್ಲಿಂದ ಒಂದು ಸುದ್ದಿ ಇಲ್ಲಿಗೆ ಬರಲು 12 ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು. ‘ಏನು ಮಾಡಲಿ?’ ಎಂದು ನೌಕೆ ಕೇಳಿ, ‘ಹೀಗೆ ಮಾಡು’ ಎಂದು ಇಲ್ಲಿಂದ ಉತ್ತರ ಹೋಗುವಷ್ಟರಲ್ಲಿ ಮುಹೂರ್ತವೇ ಮೀರಿರುತ್ತಿತ್ತು. ಆದ್ದರಿಂದ ಮಾಡಬೇಕಾದ್ದನ್ನೆಲ್ಲ ದಿನಗಳ ಮುಂಚೆಯೇ ಕಳಿಸಿ, ನೌಕೆ ತಾನಾಗಿ ಮಾಡುವಂತೆ ಏರ್ಪಡಿಸಿದ್ದರು. ಬ್ಯಾಲಾಳಿನಲ್ಲಿ ಚಂದ್ರಯಾನಕ್ಕೆಂದು 2008ರಲ್ಲಿ ಸಿದ್ಧವಾದ 32 ಮೀಟರ್ ಅಗಲದ ಬೋಗುಣಿ ಅಂಥ ದೂರದ ಪಿಸುಮಾತಿಗಾಗಿ ಕಿವಿಗೊಟ್ಟು ಕೂರುತ್ತದೆ.

ದೂರದವರು ಊಹಿಸಿಕೊಳ್ಳಬೇಕು. ಬೇರೆ ಗತಿಯಿಲ್ಲ. ಆದರೆ ನಮ್ಮ ಅಡುಗೆಮನೆಗೂ ಅತ್ತೆಯವರ ಮಂಚಕ್ಕೂ ಇದ್ದ ದೂರ ಹನ್ನೆರಡು ಅಡಿ. ‘ಇನ್ನೊಂದು ಸಲ ಹೇಳಿ’ ಎಂದು ಕೇಳುವುದಕ್ಕೆ ನನಗೆ ಯಾವ ಖರ್ಚಿತ್ತು? ಮಂಗಳಗ್ರಹಕ್ಕೆ ಇಟ್ಟುಕೊಳ್ಳಬೇಕಾದ ಪದ್ಧತಿಯನ್ನು ನಾನು ನನ್ನ ಮನೆಯ ಒಳಗೆ ಇಟ್ಟುಕೊಂಡಿದ್ದೆ. ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ ಇದೇ. ಹತ್ತಿರ ಇರುವವರನ್ನು ನಾವು ಏಕೆ ಕೇಳುವುದಿಲ್ಲ? ದೂರದ ನೆಂಟರು ಬಂದರೆ ‘ಏನು ಬೇಕು? ಕಾಫಿಯೋ ಟೀಯೋ?’ ಎಂದು ಎರಡು ಸಲ ಕೇಳುತ್ತೇವೆ. ಮನೆಯವರಿಗೆ ಕೇಳದೆ ಕೊಡುತ್ತೇವೆ. ಕೇಳದಿರುವುದೇ ಪ್ರೀತಿಯ ಗುರುತು ಎಂದುಕೊಳ್ಳುತ್ತೇವೆ. ಗೊತ್ತಿದೆ ಎಂಬುದರಲ್ಲಿ ಪ್ರೀತಿಯಿದೆ ನಿಜ. ಆದರೆ ಅದರಲ್ಲಿ ಸೋಮಾರಿತನವೂ ಇದೆ, ಒಂದಿಷ್ಟು ಅಹಂಕಾರವೂ ಇದೆ. ಹತ್ತು ವರ್ಷದ ಹಿಂದೆ ಒಬ್ಬರು ಏನಾಗಿದ್ದರೋ ಇವತ್ತೂ ಅದೇ ಆಗಿದ್ದಾರೆ ಎಂದು ಅವರ ಪರವಾಗಿ ನಾವೇ ಸಹಿ ಹಾಕಿಬಿಡುತ್ತೇವೆ. ಅವರು ಹೊಸದೇನನ್ನೋ ಹೇಳಲು ಹೊರಟರೆ, ಅವರ ಹಳೆಯ ಮಾತುಗಳಲ್ಲಿ ಹತ್ತಿರದ್ದೊಂದನ್ನು ಹುಡುಕಿ ಅದನ್ನೇ ಕೇಳಿಸಿಕೊಳ್ಳುತ್ತೇವೆ.

ಹಾಗೆ ಕೇಳಿಸಿಕೊಂಡಾಗ ಕೆಟ್ಟದ್ದು ಕಾಣಿಸುವುದೇ ಇಲ್ಲ. ಹಿಂದಿನ ಟಿವಿ ನೆನಪಿದೆಯೇ? ಗಾಳಿಗೆ ಆಂಟೆನಾ ತಿರುಗಿದರೆ ತೆರೆಯ ತುಂಬ ಇರುವೆ ಹರಿದಾಡಿದಂತೆ ಚುಕ್ಕಿಗಳು. ಒಬ್ಬರು ಮಹಡಿ ಹತ್ತಿ ‘ಈಗ ಬಂತಾ?’ ಎಂದು ಕೂಗುತ್ತಿದ್ದರು. ಏನೋ ಸರಿಯಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಈಗಿನ ಡಿಜಿಟಲ್ ಚಿತ್ರ ಹಾಗಲ್ಲ. ಮೋಡ ಕವಿದು ಸಂಕೇತ ಸೊರಗುತ್ತಿದ್ದರೂ ಒಳಗೊಳಗೇ ತಿದ್ದಿಕೊಂಡು ಚಿತ್ರ ನಿರ್ಮಲವಾಗಿಯೇ ಇರುತ್ತದೆ. ತಿದ್ದುವ ಶಕ್ತಿ ಮೀರಿತೋ, ಒಮ್ಮೆಗೇ ಚೌಕ ಚೌಕವಾಗಿ ಒಡೆದು ನಿಂತುಹೋಗುತ್ತದೆ. ಎಷ್ಟೋ ಸಂಸಾರಗಳು ಹೀಗೆ. ಹೊರಗಿನಿಂದ ನೋಡಿದರೆ ಚಿತ್ರ ಸ್ವಚ್ಛ. ಒಂದು ದಿನ ಇದ್ದಕ್ಕಿದ್ದಂತೆ ಕಪ್ಪು ತೆರೆ. ‘ಚೆನ್ನಾಗೇ ಇದ್ದರಲ್ಲ!’ ಎಂದು ನಾವು ಆಶ್ಚರ್ಯಪಡುತ್ತೇವೆ.

ಇಷ್ಟು ಹೇಳಿದ ಮೇಲೆ ನನ್ನ ಮಗಳ ವಾದವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಇದನ್ನೆಲ್ಲ ಅವಳಿಗೆ ಹೇಳಿದಾಗ ಅವಳು ಸುಮ್ಮನೆ ಒಪ್ಪಲಿಲ್ಲ. ‘ಅಮ್ಮ, ಎಲ್ಲರ ಮಾತನ್ನೂ ಮತ್ತೆ ಮತ್ತೆ ಕೇಳಿಸ್ಕೊಳ್ತಾ ಕೂರೋದು ಮತ್ತೆ ಹೆಂಗಸರ ತಲೆಗೇ ಬರುತ್ತೆ ನೋಡು. ಸೋಸದೇ ಇದ್ದರೆ ಯಂತ್ರಕ್ಕೂ ಏನೂ ಕೇಳ್ಸಲ್ಲ. ನೀನು ಮೂವತ್ತು ವರ್ಷ ಅಜ್ಜಿಯ ಒಂದೊಂದು ಕೊಂಕನ್ನೂ ಮನಸ್ಸಿಗೆ ಹಚ್ಕೊಂಡಿದ್ದರೆ ಬದುಕ್ತಿದ್ದೆಯಾ?’

ನಿಜ. ಬದುಕುತ್ತಿರಲಿಲ್ಲ. ಶಾಲೆಯ ಕೆಲಸ, ಮನೆಯ ಕೆಲಸ, ಎಳೆಯ ಮಗು, ಅದರ ಮೇಲೆ ತುಪ್ಪದ ದೂರು. ಕಿವಿಯನ್ನು ಸ್ವಲ್ಪ ಕಿವುಡು ಮಾಡಿಕೊಳ್ಳುವುದನ್ನು ನಾನು ಬೇಗ ಕಲಿತೆ. ನಮ್ಮಲ್ಲಿ ಬಹಳ ಜನ ಕಲಿತಿದ್ದೇವೆ. ಅದನ್ನು ಪಾಪವೆನ್ನಲು ನನ್ನ ಮನಸ್ಸು ಒಪ್ಪದು. ಜರಡಿಯಿಲ್ಲದೆ ಹಿಟ್ಟಿಲ್ಲ.

ಆದರೆ ಜರಡಿಯನ್ನು ಆಗಾಗ ಬೆಳಕಿಗೆ ಹಿಡಿದು ನೋಡಬೇಕು. ಕೆಳಗೆ ಬಿದ್ದದ್ದನ್ನು ಚೆಲ್ಲುವ ಮೊದಲು ಒಮ್ಮೆ ಕೈಯಾಡಿಸಬೇಕು. ಮಗಳೇ ಹೇಳಿದ ಕಥೆ ಇದಕ್ಕೆ ಸಾಕ್ಷಿ. 1964ರ ಹೊತ್ತಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು, ಮೊದಮೊದಲ ಉಪಗ್ರಹ ಸಂಪರ್ಕಕ್ಕೆಂದು ಕಟ್ಟಿದ್ದ ಕೊಂಬಿನಾಕಾರದ ದೊಡ್ಡ ಆಂಟೆನಾವನ್ನು ಬಳಸುತ್ತಿದ್ದರು. ಅದರಲ್ಲಿ ಒಂದು ಸಣ್ಣ ಗುಯ್ ಶಬ್ದ ಸದಾ ಕೇಳುತ್ತಿತ್ತು. ಯಾವ ದಿಕ್ಕಿಗೆ ತಿರುಗಿಸಿದರೂ, ಹಗಲಾದರೂ ಇರುಳಾದರೂ ಅದು ಹೋಗಲೊಲ್ಲದು. ಒಳಗೆ ಪಾರಿವಾಳಗಳು ಗೂಡು ಕಟ್ಟಿದ್ದವು. ಅವನ್ನು ಓಡಿಸಿ, ಹಿಕ್ಕೆಯನ್ನೆಲ್ಲ ಉಜ್ಜಿ ತೊಳೆದರು. ಆದರೂ ಶಬ್ದ ಹೋಗಲಿಲ್ಲ. ಕೊನೆಗೆ ತಿಳಿದುಬಂದದ್ದು, ಅದು ವಿಶ್ವ ಹುಟ್ಟಿದ ಕಾಲದಿಂದ ಉಳಿದುಬಂದ ಬಿಸಿಯ ಪಿಸುನುಡಿ ಎಂದು! 1978ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹಳೆಯ ಟಿವಿಯ ಆ ಇರುವೆಗಳಲ್ಲೂ ಅದರ ಒಂದು ಸಣ್ಣ ಪಾಲು ಇರುತ್ತಿತ್ತಂತೆ. ಅವರು ಜಾಣರು ಎಂಬುದಕ್ಕಿಂತ, ತೊಳೆದರೂ ಹೋಗದ ಸದ್ದನ್ನು ‘ಇರಲಿ ಬಿಡು’ ಎನ್ನಲಿಲ್ಲ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ನಮಗೂ ಅದೇ ಗುರುತು ಸಾಕೆನಿಸುತ್ತದೆ. ಒಂದು ಸಲ ಬಂದು ಹೋಗುವ ಕೊಂಕನ್ನು ಬಿಟ್ಟುಬಿಡಬಹುದು. ಆದರೆ ಯಾವುದನ್ನು ಒಬ್ಬರು ಮತ್ತೆ ಮತ್ತೆ, ಎಲ್ಲ ಹೊತ್ತಿನಲ್ಲೂ, ಏನು ಕೊಟ್ಟರೂ ಬಿಡದೆ ಹೇಳುತ್ತಾರೋ ಅದು ಗದ್ದಲವಲ್ಲ. ಗದ್ದಲಕ್ಕೆ ಹಟವಿರುವುದಿಲ್ಲ. ಅಳತೆಗಳನ್ನು ಮತ್ತೆ ಮತ್ತೆ ಕೂಡಿಸುತ್ತಾ ಹೋದರೆ ಗದ್ದಲ ಅತ್ತಿತ್ತ ಹೊಯ್ದಾಡಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ನಿಜವಾದ ಸಂಕೇತ ಮಾತ್ರ ಬೆಳೆಯುತ್ತದೆ. ಮಗಳ ಲೆಕ್ಕದ ಮೂಲಸೂತ್ರಗಳಲ್ಲಿ ಇದೂ ಒಂದಂತೆ. ನಾವಾದರೋ ಮುದುಕರಿಗೆ, ‘ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀರಿ?’ ಎನ್ನುತ್ತೇವೆ.

ಮಗಳ ಆಕ್ಷೇಪದ ಇನ್ನೊಂದು ಭಾಗಕ್ಕೂ ಉತ್ತರ ಕೊಡಬೇಕು. ಕೇಳುವ ಹೊಣೆ ಹೆಂಗಸರದು ಮಾತ್ರವೇ? ಅಲ್ಲ. ಆ ಮೂರು ವಾರ ಹೆತ್ತ ಮಗನೂ ತುಪ್ಪ ಎಂದೇ ಕೇಳಿಸಿಕೊಂಡಿದ್ದ. ಅವರು ಉದಾರವಾಗಿ ತಪ್ಪು ಮಾಡಿದರು, ನಾನು ಬಿಗಿಯಾಗಿ ತಪ್ಪು ಮಾಡಿದೆ, ಅಷ್ಟೇ ವ್ಯತ್ಯಾಸ. ಕೇಳಿದ ಮಾತ್ರಕ್ಕೆ ನಡೆಸಿಕೊಡಲೇಬೇಕು ಎಂದೂ ಇಲ್ಲ. ನಿಜಕ್ಕೂ ಅದು ತುಪ್ಪವೇ ಆಗಿದ್ದರೆ ನಾನು ಇಲ್ಲವೆನ್ನಬಹುದಿತ್ತು, ಅದು ನ್ಯಾಯವಾದ ಇಲ್ಲವಾಗುತ್ತಿತ್ತು. ಕೇಳಿಸಿಕೊಂಡು ಇಲ್ಲವೆನ್ನುವುದು ಬೇರೆ, ಕೇಳಿಸಿಕೊಳ್ಳದೆ ಇಲ್ಲವೆನ್ನುವುದು ಬೇರೆ. ಮೊದಲನೆಯದನ್ನು ಯಾರಾದರೂ ತಡೆದುಕೊಳ್ಳುತ್ತಾರೆ.

ಮತ್ತೆ, ನಮ್ಮ ಮಾತನ್ನೇ ಎಷ್ಟು ಜನ ಹತ್ತಿರದ ಪದಕ್ಕೆ ತಿದ್ದಿಬಿಡುತ್ತಾರೆ, ಯೋಚಿಸಿ ನೋಡಿ. ‘ಸುಸ್ತಾಗಿದೆ’ ಎಂದರೆ ‘ಮದುವೆಗೆ ಬರೋಕೆ ಇಷ್ಟ ಇಲ್ಲ’ ಎಂದು ಕೇಳಿಸುತ್ತದೆ. ‘ನಾಲ್ಕು ದಿನ ತವರಿಗೆ ಹೋಗಿ ಬರ್ತೀನಿ’ ಎಂದರೆ ‘ಕೋಪ ಬಂದಿದೆ’ ಎಂದು ಕೇಳಿಸುತ್ತದೆ. ಸುಮ್ಮನಿದ್ದರೆ ‘ಒಪ್ಪಿಗೆ’ ಎಂದು ಕೇಳಿಸುತ್ತದೆ. ಇದು ಎಷ್ಟು ನೋಯುತ್ತದೆ ಎಂದು ಗೊತ್ತಿರುವ ನಾನೇ ಇನ್ನೊಬ್ಬ ಹೆಂಗಸಿಗೆ ಅದನ್ನೇ ಮಾಡಿದೆನಲ್ಲ ಎಂಬುದು ನನ್ನ ಅಳಲು.

ಅತ್ತೆಯವರನ್ನು ತೂಬಿನ ಹತ್ತಿರ ಕರೆದುಕೊಂಡು ಹೋದೆವೆ? ಇದನ್ನು ಓದುವವರು ಕೇಳುತ್ತೀರೆಂದು ಗೊತ್ತು. ಅದರಲ್ಲೂ ಒಂದು ಸಂಕಟವಿತ್ತು. ಬೆಂಗಳೂರಿನ ಕೊಳಚೆ ಬೆಳ್ಳಂದೂರು ಕೆರೆಗೆ, ಅಲ್ಲಿಂದ ನಮ್ಮ ಕೆರೆಗೆ ಹರಿದು ಬರುತ್ತಿದ್ದ ಕಾಲ ಅದು. ಸೋಪಿನ ಪುಡಿಯ ರಾಸಾಯನಿಕಗಳು ತುಂಬಿದ ನೀರು ಕೋಡಿಯಲ್ಲಿ ಧುಮುಕಿ ಕಡೆದಂತಾಗಿ, 2015ರಲ್ಲಿ ಆಳೆತ್ತರದ ಬಿಳಿ ನೊರೆ ಎದ್ದು ಗಾಳಿಗೆ ಹಾರಿ ರಸ್ತೆಯ ಮೇಲೆ, ಸ್ಕೂಟರಿನವರ ಮೈಮೇಲೆ ಬೀಳುತ್ತಿತ್ತು. ಪತ್ರಿಕೆಗಳಲ್ಲೆಲ್ಲ ವರ್ತೂರಿನ ಹೆಸರು ಬಂದದ್ದು ಆ ನೊರೆಯಿಂದ. ‘ಅಮ್ಮ ನೋಡಿದರೆ ಎದೆ ಒಡ್ಕೊಳ್ತಾಳೆ, ಬೇಡ’ ಎಂದರು ನಮ್ಮೆಜಮಾನರು. ಮತ್ತೆ ಅವರ ಪರವಾಗಿ ನಾವು ತೀರ್ಮಾನಿಸಲು ಹೊರಟಿದ್ದೆವು. ನಾನು ಅತ್ತೆಯವರ ಮುಂದೆ ಕುಳಿತು ಹೇಳಿದೆ: ‘ಕೆರೆ ಮೊದಲಿನ ಹಾಗಿಲ್ಲ. ನೊರೆ ಬಂದಿದೆ, ನಾತ ಇದೆ. ಆದರೂ ಹೋಗೋಣವಾ?’ ತಲೆ ಆಡಿಸಿದರು. ‘ಇನ್ನೊಂದು ಸಲ ಹೇಳಿ’ ಎಂದೆ. ಆಡಿಸಿದರು.

ಕಾರಿನಲ್ಲಿ ಕರೆದೊಯ್ದೆವು. ಏರಿಯ ಬದಿಯಲ್ಲಿ ಗಾಜು ಏರಿಸಿಕೊಂಡೇ ನಿಲ್ಲಿಸಿದೆವು. ಅವರು ಬಹಳ ಹೊತ್ತು ನೋಡಿದರು. ಎದೆ ಒಡೆದುಕೊಳ್ಳಲಿಲ್ಲ. ಎಡಗೈಯನ್ನು ಗಾಜಿನ ಮೇಲೆ ಇಟ್ಟುಕೊಂಡಿದ್ದರು. ಏನೂ ಹೇಳಲಿಲ್ಲ. ಹಿಂದಿರುಗುವಾಗ ‘ಸಾಕು’ ಎಂದರು. ಅವರು ಅಲ್ಲಿ ಏನನ್ನು ನೋಡಬಯಸಿದ್ದರು, ತವರಿನ ಗದ್ದೆಯನ್ನೋ, ತಂದೆಯನ್ನೋ, ಹುಡುಗಿಯಾಗಿ ಕಾಲುವೆಯಲ್ಲಿ ಕಾಲಿಟ್ಟು ನಿಂತದ್ದನ್ನೋ, ಅಥವಾ ಯಾರಿಗಾದರೂ ಏನನ್ನಾದರೂ ಹೇಳಬೇಕಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ವರ್ಷ ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು.

1948ರಲ್ಲಿ ಈ ಸಂಪರ್ಕ ವಿದ್ಯೆಗೆ ತಳಪಾಯ ಹಾಕಿದ ಕ್ಲಾಡ್ ಶಾನನ್ ಎಂಬಾತ ತನ್ನ ಲೇಖನದ ಆರಂಭದಲ್ಲೇ, ಸಂದೇಶದ ಅರ್ಥಕ್ಕೂ ತನ್ನ ಎಂಜಿನಿಯರಿಂಗ್ ಸಮಸ್ಯೆಗೂ ಸಂಬಂಧವಿಲ್ಲ ಎಂದು ಸ್ಪಷ್ಟಪಡಿಸಿದ್ದನಂತೆ. ಕಳಿಸಿದ ಪದ ಹಾಗೇ ತಲುಪಿತೇ ಎಂಬುದಷ್ಟೇ ಅವನ ಪ್ರಶ್ನೆ. ಪ್ರಾಮಾಣಿಕವಾದ ಮಾತು. ನಮಗೂ ಕೊನೆಗೆ ಪದ ತಲುಪಿತು, ಅರ್ಥ ಪೂರ್ತಿ ತಲುಪಲಿಲ್ಲ. ಆದರೆ ಪದವೇ ತಲುಪದಿದ್ದರೆ ಅರ್ಥದ ಮಾತೆಲ್ಲಿ? ಮೂರು ವಾರ ಮೊದಲು ಕೇಳಿದ್ದರೆ, ಅವರ ನಾಲಿಗೆ ಇನ್ನೂ ಸ್ವಲ್ಪ ಆಡುತ್ತಿದ್ದಾಗ ಕೇಳಿದ್ದರೆ, ಇನ್ನೊಂದೆರಡು ಪದವಾದರೂ ಸಿಗುತ್ತಿದ್ದವೇನೋ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ನಾವೆಲ್ಲ ಟಿವಿಯ ಮುಂದೆ ಚಪ್ಪಾಳೆ ತಟ್ಟಿದೆವು. ಹದಿನೈದು ದಿನದ ಚಂದ್ರನ ರಾತ್ರಿ ಕಳೆದು ಮತ್ತೆ ಬೆಳಗಾದಾಗ, ಸೆಪ್ಟೆಂಬರಿನಲ್ಲಿ, ಮಲಗಿದ್ದ ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ಇಲ್ಲಿಂದ ಕರೆದು ನೋಡಿದರು. ಉತ್ತರ ಬರಲಿಲ್ಲ. ಕರೆಯುವುದನ್ನು ಅಷ್ಟಕ್ಕೇ ಬಿಡಲಿಲ್ಲ, ಮತ್ತೆ ಕರೆದರು. ಆ ಸುದ್ದಿ ಓದಿದಾಗ ನನಗೆ ಅತ್ತೆಯವರ ಮಂಚ ನೆನಪಾಯಿತು. ಉತ್ತರ ಕೊಡುವವರು ಇರುವಾಗ ಕೇಳಬೇಕು.

ನಮ್ಮ ಕೆರೆಯಲ್ಲಿ ಆಮೇಲಿನ ವರ್ಷಗಳಲ್ಲಿ ಹೂಳೆತ್ತುವ ಕೆಲಸ ನಡೆಯಿತು. ಸೊಪ್ಪಿನವಳು ಈಗ ಬರುವುದಿಲ್ಲ, ಅವಳ ಮಗ ಅಪಾರ್ಟ್‌ಮೆಂಟಿನಲ್ಲಿ ಕಾವಲು ಕೆಲಸದಲ್ಲಿದ್ದಾನೆ. ನನಗೂ ಈಗ ವಯಸ್ಸಾಯಿತು. ಮೊನ್ನೆ ಮಗಳಿಗೆ ಏನೋ ಹೇಳಲು ಹೊರಟೆ. ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ‘ಗೊತ್ತಮ್ಮ, ಬಿಪಿ ಮಾತ್ರೆ ತಾನೇ? ಆನ್‌ಲೈನಲ್ಲಿ ಹಾಕಿದೀನಿ’ ಎಂದಳು. ಅದಲ್ಲ ನಾನು ಹೇಳಬೇಕಿದ್ದದ್ದು. ಸುಮ್ಮನೆ ನಿಂತೆ. ಅವಳಿಗೇ ಏನನ್ನಿಸಿತೋ, ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದಳು.

‘ಇನ್ನೊಂದು ಸಲ ಹೇಳಮ್ಮ’ ಎಂದಳು.